ಪಾದ ನೋಡಿ ವಯಸ್ಸು ಹೇಳುವ ಕಸುಬು

ಜೀವನ್ ಬಿಮಾ ನಗರದ ನಮ್ಮ ಮನೆಗೆ ಯಾರಾದರೂ ಹಳೇ ಟವೆಲಿನಲ್ಲಿ ಏನನ್ನೋ ಸುತ್ತಿಕೊಂಡು, ಹಸುಗೂಸಿನ ಹಾಗೆ ಎದೆಗೊತ್ತಿಕೊಂಡು ಬಂದರೆ, ಇನ್ನು ಅರ್ಧ ಗಂಟೆಯಲ್ಲಿ ಅವರಿಗೂ ನನಗೂ ಮಾತು ಬಿಟ್ಟುಹೋಗುತ್ತದೆ ಎಂದೇ ಲೆಕ್ಕ. ವಾರಕ್ಕೊಮ್ಮೆಯಾದರೂ ಇದು ತಪ್ಪಿದ್ದಲ್ಲ. ಟವೆಲಿನೊಳಗೆ ಇರುವುದು ಚೀನಾದ ಪಿಂಗಾಣಿ. ಅದು ಎಷ್ಟು ಹಳೆಯದು ಎಂದು ನಾನು ಹೇಳಬೇಕು. ನಾನು ಹೇಳುತ್ತೇನೆ. ಅಲ್ಲಿಗೆ ಒಂದು ಸ್ನೇಹ ಮುಗಿಯುತ್ತದೆ.

ಈ ಪಾಪದ ವಿದ್ಯೆಯನ್ನು ನಾನು ಕಲಿತದ್ದು ಶಿವಾಜಿನಗರದ ಒಂದು ಹರಾಜು ಮನೆಯಲ್ಲಿ. ಇಪ್ಪತ್ತೆಂಟು ವರ್ಷ ಅಲ್ಲಿ ಸಾಮಾನುಗಳಿಗೆ ಚೀಟಿ ಬರೆದು ಅಂಟಿಸಿದೆ. ದಂಡು ಪ್ರದೇಶದ ಬಂಗಲೆಗಳಿಂದ ಬಿಳಿಯರು ಊರಿಗೆ ಹೋದರು, ಅವರ ಬೀರುಗಳು ಮಾತ್ರ ಇಲ್ಲೇ ಉಳಿದವು. ಬೀರುಗಳೊಳಗಿನ ಬಟ್ಟಲು, ಹೂದಾನಿ, ತಟ್ಟೆಗಳೆಲ್ಲ ಒಂದಲ್ಲ ಒಂದು ದಿನ ನಮ್ಮ ಮೇಜಿಗೆ ಬರುತ್ತಿದ್ದವು. ಬಿಳಿ ಪಾತ್ರೆಯನ್ನು ಒಮ್ಮೆ ಸುಟ್ಟು, ಅದರ ಮೇಲೆ ಬಣ್ಣದ ಗಾಜಿನ ಪುಡಿಯಲ್ಲಿ ಹೂವು ಹಕ್ಕಿ ಬರೆದು, ಮತ್ತೊಮ್ಮೆ ಸುಟ್ಟ ಚೀನಾದ ಪಿಂಗಾಣಿ ಎಂದರೆ ನಮ್ಮ ಮಾಲೀಕರಾದ ಸಾಹೇಬರಿಗೆ ಪ್ರಾಣ. ನಾನು ಸೇರಿದ ದಿನ ಒಂದು ಬಟ್ಟಲು ಕೈಗೆ ಕೊಟ್ಟರು. ನಾನು ಹೂವನ್ನು ನೋಡುತ್ತಾ ಕೂತೆ. ಸಾಹೇಬರು ಬಟ್ಟಲನ್ನು ಬೋರಲು ಹಾಕಿ, "ಮೂ ನಕ್ಕೊ ದೇಖೊ ಅಮ್ಮಾ, ಪಾಂವ್ ದೇಖೊ," ಅಂದರು. ಮುಖ ನೋಡಬೇಡ, ಪಾದ ನೋಡು ಅಂತ.

ಬಟ್ಟಲಿನ ತಳದಲ್ಲಿ ಒಂದು ಉಂಗುರ ಇರುತ್ತದಲ್ಲ, ಅದೇ ಪಾದ. ಅಲ್ಲಿಗೆ ಹೊಳಪು ಬಳಿದಿರುವುದಿಲ್ಲ. ನೂರಾರು ವರ್ಷ ಮೇಜಿನ ಮೇಲೆ ಓಡಾಡಿದ ಪಾದ ಹೆಬ್ಬೆರಳಿಗೆ ರೇಷ್ಮೆಯಂತೆ ತಾಗುತ್ತದೆ, ಹೊಸದು ಕರಕರ ಅನ್ನುತ್ತದೆ. ಹಳೇ ಬಣ್ಣ ಬೆರಳಿಗೆ ಉಬ್ಬಿ ಸಿಗುತ್ತದೆ, ಅಚ್ಚು ಹಾಕಿದ ಬಣ್ಣ ಸಿಗುವುದಿಲ್ಲ. ತಳದಲ್ಲಿ ಕೆಂಪಕ್ಷರದಲ್ಲಿ ಬರೆದ ಚಕ್ರವರ್ತಿಯ ಹೆಸರನ್ನಂತೂ ಮೊದಲಿಗೆ ನಂಬಲೇಬಾರದು, ಯಾಕೆಂದರೆ ಹಿಂದಿನ ದೊರೆಗಳ ಹೆಸರನ್ನು ಮುಂದಿನವರೂ ಗೌರವಕ್ಕೆಂದು ಬರೆಯುತ್ತಿದ್ದರು. "ತಾತನ ಹೆಸರು ಮೊಮ್ಮಗನಿಗೆ ಇಟ್ರೆ, ಮೊಮ್ಮಗನಿಗೆ ಹಲ್ಲು ಬಿದ್ಹೋಗ್ತದಾ?" ಎಂದು ಸಾಹೇಬರು ಕೇಳುತ್ತಿದ್ದರು.

ಅಂಗಡಿ ಮುಚ್ಚುವ ದಿನ ಸಾಹೇಬರು ಆ ಮೊದಲ ದಿನದ ಬಟ್ಟಲನ್ನೇ ನನ್ನ ಕೈಗಿಟ್ಟರು. ಅಂಗೈಯಷ್ಟೇ ಅಗಲ, ಗುಲಾಬಿ ಬಣ್ಣದ ಹೂವು, ಅಪ್ಪಟ ಹಳೆಯದು. ನನ್ನ ಮನೆಯಲ್ಲಿರುವ ಒಂದೇ ಒಂದು ನಿಜವಾದ ವಸ್ತು ಅದು. ಅದನ್ನು ಮಗಳ ಮದುವೆಗೆ ಕೊಡಬೇಕೆಂದು ಬೀರುವಿನಲ್ಲಿ, ನನ್ನ ರೇಷ್ಮೆ ಸೀರೆಗಳ ನಡುವೆ ಇಟ್ಟಿದ್ದೇನೆ.

ಮಗಳಿಗೆ ಮದುವೆ ಆಗುವುದೇ ಅನುಮಾನ ಎನ್ನುವ ಪರಿಸ್ಥಿತಿ ಬಂದದ್ದು ಈಚೆಗೆ. ಅವಳು ಇಂದಿರಾನಗರದ ಒಂದು ಕ್ಲಿನಿಕ್ಕಿನಲ್ಲಿ ಜನರ ಕೈಕಾಲು ಎಳೆದು ಸರಿಮಾಡುತ್ತಾಳೆ. ಹಲಸೂರಿನ ಹಾರ್ಡ್‌ವೇರ್ ಅಂಗಡಿಯ ಹುಡುಗನೊಬ್ಬ ಭುಜ ಹಿಡಿದುಕೊಂಡಿದೆ ಎಂದು ಬಂದವನು, ಭುಜ ಬಿಟ್ಟ ಮೇಲೂ ಬರುತ್ತಲೇ ಇದ್ದ. ಹುಡುಗ ಒಳ್ಳೆಯವನು. ತೊಂದರೆ ಇದ್ದದ್ದು ಅವರ ಮನೆಯ ಷೋಕೇಸಿನಲ್ಲಿ. ಅಲ್ಲಿ ಒಂದು ಚೀನಾ ಹೂದಾನಿ. ಹುಡುಗನ ಮುತ್ತಾತನಿಗೆ ಯಾರೋ ದೊರೆ ಕೊಟ್ಟದ್ದಂತೆ. ಮನೆಗೆ ಬಂದವರೆಲ್ಲ ಅದನ್ನು ನೋಡಿ ಅಬ್ಬಾ ಅನ್ನಬೇಕು. ಹನ್ನೆರಡು ವರ್ಷದ ಹಿಂದೆ ಒಬ್ಬ ಚಿಕ್ಕಪ್ಪ ಅದರ ಬಗ್ಗೆ ತಮಾಷೆ ಮಾಡಿದರಂತೆ, ಅವರಿಗೆ ಇವತ್ತಿಗೂ ಆ ಮನೆಯಿಂದ ದೀಪಾವಳಿಗೆ ಕರೆ ಇಲ್ಲ.

ಸಂಬಂಧ ಮಾತಾಡಲು ಹೋಗುವ ಹಿಂದಿನ ಭಾನುವಾರ ಮಗಳು ನನ್ನನ್ನು ಕೂರಿಸಿಕೊಂಡಳು.

"ಅಮ್ಮಾ, ಆ ಮನೇಲಿ ಬಾಯಿ ಮುಚ್ಕೊಂಡಿರ್ಬೇಕು. ಹೂದಾನಿ ಹೇಗಿದೆ ಅಂದ್ರೆ ಚೆನ್ನಾಗಿದೆ ಅನ್ನು, ಮುಗೀತು."

"ಚೆನ್ನಾಗಿಲ್ದೇ ಇದ್ರೆ?"

"ನಿನಗೆ ಹೂದಾನಿ ಮುಖ್ಯಾನಾ, ನಾನು ಮುಖ್ಯಾನಾ?"

ನಾನು ತಕ್ಷಣ ಉತ್ತರ ಕೊಡಬೇಕಿತ್ತು. ಒಂದು ಗಳಿಗೆ ತಡವಾಯಿತು. ಅಷ್ಟಕ್ಕೇ ಅವಳು ನನ್ನ ಹಳೇ ತಪ್ಪುಗಳ ಪಟ್ಟಿ ತೆಗೆದಳು. ಅದರಲ್ಲಿ ಮೂರನ್ನು ಇಲ್ಲಿ ಬರೆದಿದ್ದೇನೆ, ತಪ್ಪು ಯಾರದೆಂದು ನೀವೇ ಹೇಳಿ.

ಆರೋಪ ಒಂದು: ಕಗ್ಗದಾಸಪುರದ ಚಕ್ರವರ್ತಿ

ಕಗ್ಗದಾಸಪುರದಿಂದ ಒಬ್ಬರು ಬಂದರು. ನಾಲ್ಕು ಮಹಡಿ ಕಟ್ಟಿ ಮೂರನ್ನು ಬಾಡಿಗೆಗೆ ಕೊಟ್ಟವರು, ಮಗಳ ಕ್ಲಿನಿಕ್ಕಿನ ಡಾಕ್ಟರಿಗೆ ಬೇಕಾದವರು. ಟವೆಲು ಬಿಚ್ಚುವ ಮೊದಲೇ, "ಮೇಡಂ, ಇದು ಚೀನಾ ಚಕ್ರವರ್ತಿ ಅರಮನೇದು. ನಮ್ಮ ಕಡೆಯೋರೆಲ್ಲ ನೋಡಿ ದಂಗಾಗ್ಬಿಟ್ಟಿದಾರೆ," ಅಂದರು.

ತಟ್ಟೆಯನ್ನು ಬೋರಲು ಹಾಕಿದೆ. ತಳದಲ್ಲಿ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಮೇಡ್ ಇನ್ ಚೈನಾ ಎಂದಿತ್ತು.

"ಸಾರ್, ಇಲ್ಲಿ ನೋಡಿ," ಅಂದೆ.

"ನೋಡಿದೀನಿ ಮೇಡಂ! ಚೈನಾದಲ್ಲೇ ಮಾಡಿದ್ದು ಅಂತ ಅವರೇ ಬರ್ಕೊಟ್ಟಿದಾರಲ್ಲ. ಇನ್ನೇನ್ ಪ್ರೂಫ್ ಬೇಕು?"

ಇದು ಹೊರದೇಶಕ್ಕೆ ಕಳಿಸುವ ಅಂಗಡಿ ಮಾಲಿನ ಮೇಲೆ ಹಾಕುವ ಗುರುತು, ಚಕ್ರವರ್ತಿಯ ಕಾಲದ್ದಲ್ಲ ಎಂದು ವಿವರಿಸಿದೆ. ಅರಮನೆಯ ಅಡುಗೆಯವನಿಗೆ ತಾನು ಯಾವ ದೇಶದಲ್ಲಿದ್ದೇನೆ ಎಂಬುದು ಗೊತ್ತಿರುತ್ತದೆ, ತಟ್ಟೆ ತಿರುಗಿಸಿ, ಅದೂ ಇಂಗ್ಲಿಷಿನಲ್ಲಿ ಓದಿ ತಿಳಿದುಕೊಳ್ಳಬೇಕಾಗಿಲ್ಲ ಎಂದೂ ಹೇಳಿದೆ. ಈ ಎರಡನೆಯ ಮಾತು ಬೇಕಿರಲಿಲ್ಲ ಎನ್ನುವುದು ಮಗಳ ವಾದ.

ಅವರು ತಟ್ಟೆಯ ತಳವನ್ನು ಇನ್ನೊಮ್ಮೆ ಓದಿದರು. ಮುಖ ಮತ್ತೆ ಅರಳಿತು.

"ಹಾಗಾದ್ರೆ ಚಕ್ರವರ್ತಿಗೆ ಇಂಗ್ಲಿಷ್ ಬರ್ತಿತ್ತು ಅಂತಾಯ್ತಲ್ಲ ಮೇಡಂ. ಇದು ಇನ್ನೂ ದೊಡ್ಡ ವಿಷ್ಯ!"

ಟವೆಲಿನಲ್ಲಿ ಮತ್ತೆ ಸುತ್ತಿಕೊಂಡು, ಬಂದದ್ದಕ್ಕಿಂತ ಹೆಚ್ಚು ಹುಷಾರಾಗಿ ಮೆಟ್ಟಿಲಿಳಿದರು.

ಆರೋಪ ಎರಡು: ಕೆ.ಆರ್. ಪುರದ ಶುಚಿತ್ವ

ಈ ಘಟನೆ ನೆನೆದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಕೆ.ಆರ್. ಪುರದ ಒಬ್ಬ ನಿವೃತ್ತ ಟೀಚರು ಫೋನಿನಲ್ಲಿ ಫೋಟೋ ಕಳಿಸಿದ್ದರು. ಅಡುಗೆಮನೆಯ ಅಟ್ಟದಲ್ಲಿ ಸಿಕ್ಕಿದ ಬಟ್ಟಲು. ಮೈತುಂಬ ಗುಲಾಬಿ ಹೂಗಳು, ಅಂಚಿಗೆ ಚಿನ್ನದ ಗೆರೆ, ಪಾದ ಸವೆದು ನುಣುಪಾಗಿದ್ದದ್ದು ಫೋಟೋದಲ್ಲೇ ಕಾಣುತ್ತಿತ್ತು. ಇಷ್ಟು ವರ್ಷದಲ್ಲಿ ಟವೆಲಿನೊಳಗಿಂದ ಒಂದೇ ಒಂದು ನಿಜ ಹೊರಗೆ ಬರುವುದರಲ್ಲಿತ್ತು.

"ಮೇಡಂ, ಹೇಗಿದೆಯೋ ಹಾಗೇ ತಂದ್ಬಿಡಿ," ಅಂತ ಮೂರು ಸಲ ಹೇಳಿದೆ.

ಎರಡು ದಿನ ಬಿಟ್ಟು ಬಂದರು. ಟವೆಲು ಬಿಚ್ಚಿದರೆ ಒಳಗೆ ಬಿಳೀ ಬಟ್ಟಲು. ನಾನು ಟವೆಲನ್ನು ಕೊಡವಿದೆ, ಅವರ ಚೀಲದೊಳಗೆ ಇಣುಕಿದೆ.

"ಇದೇ ರೀ ಅದು," ಎಂದರು ಅವರು ನಗುತ್ತಾ. "ದೊಡ್ಡೋರ ಮನೆಗೆ ಧೂಳು ಹಿಡಿದ ಪಾತ್ರೆ ತರೋಕ್ಕಾಗುತ್ತಾ? ಮೊದ್ಲು ಹುಣಿಸೇಹಣ್ಣು ಹಾಕಿ ಉಜ್ಜಿದೆ. ಗೆರೆ ಹೋಯ್ತು. ಆಮೇಲೆ ಬಾತ್‌ರೂಮ್ ತೊಳೆಯೋ ಆಸಿಡ್‌ನಲ್ಲಿ ನೆನೆಹಾಕಿ, ಕಬ್ಬಿಣದ ನಾರು ತಗೊಂಡು ಎರಡು ದಿನ ತಿಕ್ಕಿದೀನಿ. ಕೈ ನೋಡಿ, ಬೊಬ್ಬೆ ಬಂದಿದೆ."

ನನ್ನ ಮುಖ ನೋಡಿ ಅವರಿಗೆ ಸಂಕೋಚವಾಯಿತು. ಬಟ್ಟಲಿನ ಒಂದು ಬದಿಯಲ್ಲಿ ಉಳಿದಿದ್ದ ಕಾಲು ಭಾಗ ಹೂವನ್ನು ಬೆರಳಲ್ಲಿ ಮುಚ್ಚಿಕೊಂಡು ಹೇಳಿದರು: "ಸಾರಿ ಕಣ್ರೀ, ಈ ಒಂದು ಕಲೆ ಮಾತ್ರ ಏನ್ ಮಾಡಿದ್ರೂ ಹೋಗ್ಲಿಲ್ಲ."

ಅವರಿಗೆ ನಾನು ಕಾಫಿ ಕೊಡಲಿಲ್ಲ ಎನ್ನುವುದು ಆರೋಪ. ನಿಜ, ಕೊಡಲಿಲ್ಲ. ಲೋಟ ತೊಳೆದುಕೊಡುತ್ತೇನೆ ಎಂದಾರು ಎಂಬ ಭಯ.

ಆರೋಪ ಮೂರು: ಗುರುವಾರ ಬನ್ನಿ

ರಸೆಲ್ ಮಾರ್ಕೆಟ್ಟಿನ ಹಿಂದಿನ ಸಂದಿಗಳಲ್ಲೊಂದರಲ್ಲಿ ಒಬ್ಬ ಹಳೇ ಸಾಮಾನಿನ ಅಂಗಡಿಯವನಿದ್ದಾನೆ. ಹರಾಜಿನ ಕಾಲದಿಂದ ಪರಿಚಯ. ಪುದೀನ ಕೊತ್ತಂಬರಿ ಕೊಳ್ಳಲು ಹೋದಾಗ ಮಗಳ ಜೊತೆ ಅವನ ಅಂಗಡಿಗೆ ಇಣುಕಿದೆ. ಅವನು ಮೂಲೆಯಲ್ಲಿ ಕೂತು ಒಂದು ಹೊಚ್ಚ ಹೊಸ ಹೂದಾನಿಯ ಪಾದಕ್ಕೆ ಬ್ರಷ್ಷಿನಲ್ಲಿ ಏನೋ ಕಂದು ನೀರು ಬಳಿಯುತ್ತಿದ್ದ. ವಾಸನೆ ನೋಡಿದರೆ ಫಿಲ್ಟರ್ ಕಾಫಿಯ ಡಿಕಾಕ್ಷನ್.

"ಏನಪ್ಪಾ ಇದು?"

"ವಯಸ್ಸು ಮೇಡಂ," ಅಂದ, ಕೈ ನಿಲ್ಲಿಸದೆ. "ನಿಮಗೆ ಎಷ್ಟು ವರ್ಷದ್ದು ಬೇಕು? ನೂರು ವರ್ಷದ್ದು ಈಗ್ಲೇ ಕೊಡ್ತೀನಿ. ಇನ್ನೂರು ಬೇಕಂದ್ರೆ ಎರಡು ಕೋಟಿಂಗ್ ಆಗ್ಬೇಕು, ಗುರುವಾರ ಬನ್ನಿ."

ಅವನ ಪಕ್ಕದಲ್ಲಿ ಒಂದು ಪೆಟ್ಟಿಗೆ ತುಂಬ ಅದೇ ಹೂದಾನಿಗಳು. ಎಲ್ಲದರ ಮೇಲೂ ಎರಡು ಕೊಕ್ಕರೆ. ಎಲ್ಲಿಯೋ ಫ್ಯಾಕ್ಟರಿಯಲ್ಲಿ ಅಚ್ಚು ಜರುಗಿರಬೇಕು, ಬಲಗಡೆಯ ಕೊಕ್ಕರೆಗೆ ಎಲ್ಲ ಹೂದಾನಿಯಲ್ಲೂ ಮೂರು ಕಾಲು.

ಅಷ್ಟರಲ್ಲಿ ಇಂದಿರಾನಗರದ ಕಡೆಯ ದಂಪತಿ ಬಂದರು. ಹೊಸ ಮನೆಗೆ ಹಳೇ ವಸ್ತು ಹುಡುಕುತ್ತಿದ್ದವರು. ಗಂಡ ಹೂದಾನಿ ಎತ್ತಿ ನೋಡಿ, "ವಾವ್, ಎಷ್ಟು ಹಳೇದಿರಬಹುದು?" ಅಂದ. ನನಗೆ ಸುಮ್ಮನಿರಲು ಆಗಲಿಲ್ಲ. ಮಗಳು ನನ್ನ ಕಾಲು ತುಳಿದರೂ ಬಿಡದೆ, "ಸಾರ್, ಮೊದ್ಲು ಆ ಕೊಕ್ಕರೆ ಕಾಲು ಎಣಿಸಿ," ಅಂದೆ.

ಗಂಡ ಎಣಿಸಿದ. ಹೆಂಡತಿ ಎಣಿಸಿದಳು. ಇಬ್ಬರೂ ಅಂಗಡಿಯವನ ಮುಖ ನೋಡಿದರು.

ಅವನು ಒಂದಿಷ್ಟೂ ಅಲುಗಾಡಲಿಲ್ಲ. "ಮೂರು ಕಾಲಿನ ಕೊಕ್ಕರೆ ಈಗ ಎಲ್ಲಾದ್ರೂ ನೋಡಿದೀರಾ ಸಾರ್? ಇಲ್ಲ ತಾನೆ? ಅಷ್ಟು ಹಳೇ ಪೀಸು ಇದು," ಅಂದ.

ಅವರು ಜೋಡಿ ತೆಗೆದುಕೊಂಡು ಹೋದರು.

ತೀರ್ಪು: ಹಲಸೂರಿನಲ್ಲಿ

ಪಟ್ಟಿ ಓದಿ ಮುಗಿಸಿದ ಮೇಲೆ ಮಗಳು ಒಂದು ಮಾತು ಹೇಳಿದಳು. "ಇಷ್ಟು ವರ್ಷದಲ್ಲಿ ನಿನ್ನ ಹತ್ರ ಏನೂ ಕೇಳಿಲ್ಲಮ್ಮ. ಇದೊಂದು ಕೇಳ್ತಿದೀನಿ." ನನಗೆ ನಾಚಿಕೆಯಾಯಿತು. ದೇವರ ಗೂಡಿನ ಕಾಳಮ್ಮನ ಫೋಟೋ ಮುಟ್ಟಿ ಆಣೆ ಮಾಡಿದೆ, ಆ ಮನೆಯಲ್ಲಿ ಹೂದಾನಿ ಸುಳ್ಳು ಎಂಬ ಮಾತು ನನ್ನ ಬಾಯಿಂದ ಬರುವುದಿಲ್ಲ ಎಂದು.

ಮುಂದಿನ ಭಾನುವಾರ ಬೆಳಿಗ್ಗೆ ಹಲಸೂರಿಗೆ ಹೋದೆವು. ನಾನು, ನಮ್ಮನೆಯವರು, ಮಗಳು. ಹುಡುಗನ ಮನೆ ಬಜಾರಿನ ಹಿಂದಿನ ಬೀದಿಯಲ್ಲಿ. ಹುಡುಗನ ತಂದೆ ಬಾಗಿಲಲ್ಲೇ ನಿಂತು ಬರಮಾಡಿಕೊಂಡರು. ಅಜ್ಜಿ, ಅಂದರೆ ಅವರ ತಾಯಿ, ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಎಂಬತ್ತು ದಾಟಿರಬೇಕು, ಕಣ್ಣು ಮಾತ್ರ ಚುರುಕು. ಆದರೆ ಆ ಕಣ್ಣಲ್ಲಿ ಏನೋ ಗಾಬರಿ. ವಯಸ್ಸಾದವರು, ಬಿ.ಪಿ. ಇರಬಹುದು ಅಂದುಕೊಂಡೆ.

ಉಪ್ಪಿಟ್ಟು ಬಂತು. ತಿಂದು ಮುಗಿಸಿದ ಮೇಲೆ ಅಭ್ಯಾಸಬಲದಿಂದ ತಟ್ಟೆಯನ್ನು ತಿರುಗಿಸಿದೆ. ಸ್ಟೀಲು. ತಳದಲ್ಲಿ ಚುಕ್ಕೆ ಚುಕ್ಕೆಯಾಗಿ ಅಜ್ಜಿಯ ಇನಿಷಿಯಲ್ಲು, ಹೆಸರು. ಲೋಟದ ಮೇಲೂ ಹೆಸರು, ಚಮಚದ ಮೇಲೂ ಹೆಸರು. ಮಗಳು ನನ್ನ ಮೊಣಕೈ ಚಿವುಟಿದಳು.

"ನೋಡ್ಲಿ ಬಿಡಮ್ಮ," ಎಂದು ಹುಡುಗನ ತಂದೆ ನಕ್ಕರು. "ನಮ್ಮಮ್ಮಂಗೆ ಅದೊಂದು ಶೋಕಿ. ಮದ್ವೆ ಮುಂಜಿ ಅಂತ ಪಾತ್ರೆ ಎರವಲು ಕೊಟ್ರೆ ವಾಪಸ್ ಬರಲ್ಲ ಅಂತ, ಪಾತ್ರೆ ಅಂಗಡೀಲಿ ಹೆಸರು ಕೊರೆಯೋ ಮೆಷಿನ್ ಇಡಿಸಿ ಎಲ್ಲದಕ್ಕೂ ಹೆಸರು ಹಾಕ್ಸಿಬಿಟ್ಟಿದಾರೆ."

ನಮ್ಮನೆಯವರು ಮಾತು ಬೆಳೆಸಲೆಂದು, "ನಮ್ಮ ಮಗಳಿಗೂ ಇವಳು ಒಂದು ಚೀನಾ ಬಟ್ಟಲು ಕೊಡ್ತಾಳೆ, ಅಪ್ಪಟ ಹಳೇದು," ಅಂದುಬಿಟ್ಟರು. ಅಲ್ಲಿಗೆ ಮಾತು ಎಲ್ಲಿಗೆ ಹೋಗಬಾರದಿತ್ತೋ ಅಲ್ಲಿಗೇ ಹೋಯಿತು. ಹುಡುಗನ ತಂದೆ ಎದ್ದು ಷೋಕೇಸಿನ ಬೀಗ ತೆಗೆದರು. ಹೂದಾನಿಯನ್ನು ಟವೆಲಿನ ಮೇಲೆ ಹೊತ್ತು ತಂದು ನನ್ನ ತೊಡೆಯ ಮೇಲಿಟ್ಟರು.

"ನಿಮ್ಮಂಥೋರು ನಮ್ಮನೆಗೆ ಬರೋದೇ ಹೆಚ್ಚು. ಹೇಳಿ, ಎಷ್ಟು ವರ್ಷ?"

ನಾನು ನೋಡಿದೆ. ಎರಡು ಕೊಕ್ಕರೆ. ಎಡಗಡೆಯದಕ್ಕೆ ಎರಡು ಕಾಲು. ಬಲಗಡೆಯದರ ಕಾಲು ಎಣಿಸಿದೆ. ಮತ್ತೆ ಎಣಿಸಿದೆ. ಮಗಳೂ ಎಣಿಸಿದಳು ಎಂದು ಕಾಣುತ್ತದೆ, ಪಕ್ಕದಲ್ಲಿ ಕೂತಲ್ಲಿಂದಲೇ ನನ್ನ ಕಾಲು ತುಳಿದಳು.

"ತಿರುಗ್ಸಿ ನೋಡಿ, ತಿರುಗ್ಸಿ ನೋಡಿ. ಪಾದ ನೋಡ್ತೀರಂತಲ್ಲ ನೀವು," ಎಂದು ಹುಡುಗನ ತಂದೆ ಉತ್ತೇಜನ ಕೊಟ್ಟರು. ತಿರುಗಿಸಿದೆ. ಪಾದಕ್ಕೆ ಡಿಕಾಕ್ಷನ್, ಎರಡು ಕೋಟಿಂಗು. ಮಧ್ಯೆ ಕೆಂಪಕ್ಷರದಲ್ಲಿ ಚಕ್ರವರ್ತಿಯ ಹೆಸರು. ಅದರ ಕೆಳಗೆ ಚುಕ್ಕೆ ಚುಕ್ಕೆಯಾಗಿ ಕನ್ನಡದಲ್ಲಿ ಅಜ್ಜಿಯ ಹೆಸರು.

ತಲೆಯೆತ್ತಿದೆ. ಎಲ್ಲರ ಹಿಂದೆ, ಅಡುಗೆಮನೆಯ ಹೊಸ್ತಿಲಲ್ಲಿ, ಅಜ್ಜಿ ಯಾರಿಗೂ ಕಾಣದಂತೆ ನನಗೆ ಕೈಮುಗಿಯುತ್ತಿದ್ದರು.

ಇಪ್ಪತ್ತೆಂಟು ವರ್ಷ ನಾನು ಒಂದು ಚೀಟಿಯಲ್ಲೂ ಸುಳ್ಳು ಬರೆದವಳಲ್ಲ. ಈಗಲೂ ಬರಲಿಲ್ಲ, ನಾಲಿಗೆ ತಿರುಗಲೇ ಇಲ್ಲ. ಕಡೆಗೆ, "ಇದರ ವಯಸ್ಸು ನಾನು ಹೇಳಿದ್ರೆ ನೀವು ನಂಬಲ್ಲ," ಅಂದೆ.

"ಅಷ್ಟು ಹಳೇದಾ!" ಎಂದು ಹುಡುಗನ ತಂದೆ ಕೂಗಿದರು.

"ಈ ಕೊಕ್ಕರೆಯಂಥ ಕೊಕ್ಕರೆ ಚೀನಾದಲ್ಲೂ ಇರಲಾರದು," ಅಂದೆ. ಇದೂ ನಿಜವೇ.

ಅವರ ಕಣ್ಣಲ್ಲಿ ನೀರು ಬಂತು. ನಮ್ಮನೆಯವರನ್ನು ತಬ್ಬಿಕೊಂಡು, "ಬೀಗರೇ," ಅಂದುಬಿಟ್ಟರು. ಅಂದರೆ ಸಂಬಂಧ ಕುದುರಿತು. ಹುಡುಗ ಕೂತಲ್ಲೇ ನಕ್ಕ. ಮಗಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಷ್ಟು ಗಟ್ಟಿಯಾಗಿ ಅವಳು ನನ್ನ ಕೈ ಹಿಡಿದದ್ದು ಮೊದಲ ದಿನ ಶಾಲೆಗೆ ಬಿಟ್ಟುಬಂದಾಗಲೇ ಇರಬೇಕು.

"ಅಮ್ಮಾ, ಕೊಂಚಂ ಒಳಗೆ ಬನ್ನಿ," ಎಂದು ಅಜ್ಜಿ ಕರೆದರು.

ಅಡುಗೆಮನೆಯ ಬಾಗಿಲು ಮುಂದಕ್ಕೆ ಮಾಡಿ, ಅಜ್ಜಿ ಅಕ್ಕಿ ಡಬ್ಬದೊಳಗೆ ಮೊಣಕೈವರೆಗೆ ಕೈಹಾಕಿ ಒಂದು ಗಂಟು ತೆಗೆದರು. ಹಳೇ ಸೀರೆಯ ತುಂಡು. ಬಿಚ್ಚಿದರೆ ಒಳಗೆ ಪಿಂಗಾಣಿಯ ಚೂರುಗಳು. ಒಂದರ ಮೇಲೆ ಕೊಕ್ಕರೆಯ ಕತ್ತು, ಒಂದೊಂದು ಗರಿಯೂ ಬೆರಳಿಗೆ ಉಬ್ಬಿ ಸಿಗುತ್ತಿತ್ತು. ತಳದ ಚೂರನ್ನು ಎತ್ತಿ ಪಾದದ ಮೇಲೆ ಹೆಬ್ಬೆರಳಾಡಿಸಿದೆ. ರೇಷ್ಮೆ. ಅಪ್ಪಟ. ನನ್ನ ಜೀವಮಾನದಲ್ಲಿ ಮುಟ್ಟಿದ ಅತಿ ಚೆಂದದ ಪಾದ ಅದು. ಅದರ ಮಧ್ಯೆ ಚುಕ್ಕೆ ಚುಕ್ಕೆಯಾಗಿ ಅಜ್ಜಿಯ ಇನಿಷಿಯಲ್ಲು, ಆಮೇಲೆ ಹೆಸರಿನ ಮೊದಲ ಅಕ್ಷರ. ಎರಡನೆಯ ಅಕ್ಷರದ ಹತ್ತಿರ ಬಿರುಕು.

"ನಾನು ಹೋದ್ಮೇಲೆ ಇದಕ್ಕೆ ಮಕ್ಕಳು ಕಿತ್ತಾಡ್ಬಾರ್ದು ಅಂತ, ಇದಕ್ಕೂ ಹೆಸರು ಹಾಕ್ಸೋಣ ಅಂತ ತಗೊಂಡ್ಹೋದೆ," ಅಂದರು ಅಜ್ಜಿ ಪಿಸುಮಾತಿನಲ್ಲಿ. "ಮೆಷಿನ್ನು ಗುರ್ ಅಂತು, ಇದು ಟಪ್ ಅಂತು. ಅಯ್ಯೋ, ಮನೇಲಿ ಯಾರಿಗೆ ಹೇಳ್ಲಿ? ಚೂರು ಎತ್ಕೊಂಡು ನೇರ ಶಿವಾಜಿನಗರಕ್ಕೆ ಆಟೋ ಮಾಡ್ಕೊಂಡ್ಹೋದೆ. ಅಲ್ಲೊಬ್ಬ ಎಷ್ಟು ವರ್ಷದ್ದು ಬೇಕು ಅಂದ. ಕೊಕ್ಕರೆದು ಕೊಡಪ್ಪಾ, ವರ್ಷ ನೀನೇ ನೋಡಿ ಹಾಕು ಅಂದೆ. ಗುರುವಾರ ಬರೋಕೆ ಹೇಳ್ದ. ಮೂರು ವರ್ಷ ಆಯ್ತು. ಈ ಮನೇಲಿ ಒಬ್ಬನೂ ಅದರ ಕಾಲು ಎಣಿಸಿಲ್ಲ. ನೀವು ಬರ್ತೀರಿ ಅಂದಾಗಿಂದ ನನಗೆ ನಿದ್ದೆ ಇಲ್ಲ."

"ಒಂದು ಒಡೆದ ಮೇಲೂ ಹೊಸದಕ್ಕೆ ಮತ್ತೆ ಹೆಸರು ಹಾಕ್ಸಿದ್ರಾ ಅಜ್ಜಿ?"

"ಮತ್ತೆ? ಹೆಸರಿಲ್ದೇ ಇದ್ರೆ ನಮ್ಮನೇದು ಅಂತ ಹೇಗೆ ಗೊತ್ತಾಗ್ಬೇಕು?"

ನಾನು ಚೂರುಗಳನ್ನು ಮತ್ತೆ ಗಂಟು ಕಟ್ಟಿ ಅಕ್ಕಿಯೊಳಗೆ ಹೂತೆ. ಅಳು ಬರುತ್ತಿತ್ತು, ನಗು ಬರುತ್ತಿತ್ತು, ಯಾವುದು ಮೊದಲು ಬಂದೀತೋ ಎಂದು ಹೆದರಿ ಹೊರಡಲು ಎದ್ದೆ. ಅಜ್ಜಿ ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಮುಖ ಈಗ ತಿಳಿಯಾಗಿತ್ತು.

"ಇವತ್ತು ನೀವು ನನ್ನ ಮಾನ ಉಳಿಸಿದ್ರಿ. ಈ ಋಣ ನಾನು ಇಟ್ಕೊಳ್ಳೋಳಲ್ಲ. ನಿಮ್ಮ ಮಗಳಿಗೆ ಅದ್ಯಾವುದೋ ಚೀನಾ ಬಟ್ಟಲು ಕೊಡ್ತೀರಂತಲ್ಲ, ಅದು ಮನೆಗೆ ಬಂದ ಮರುದಿನವೇ ನಾನೇ ತಗೊಂಡ್ಹೋಗಿ ಜೋಡಿ ಹೆಸರು ಹಾಕಿಸ್ಕೊಂಡು ಬರ್ತೀನಿ. ಏನೂ ಯೋಚ್ನೆ ಮಾಡ್ಬೇಡಿ, ಮೆಷಿನ್ನಿನವನಿಗೆ ಈಗ ಕೈ ಚೆನ್ನಾಗಿ ಪಳಗಿದೆ."